ಕ್ಯಾನ್ಸರ್ ಗೆದ್ದ ಮಕ್ಕಳಿಗೆ ಹಾರ್ಮೋನು ತಪಾಸಣೆ ಏಕೆ ಬೇಕು?



ಮಕ್ಕಳಿಗೆ ಬರುವ ಕ್ಯಾನ್ಸರುಗಳಲ್ಲಿ ರಕ್ತದ ಕ್ಯಾನ್ಸರ್ ಪ್ರಮುಖವಾದುದು. ಸಕಾಲದಲ್ಲಿ ಪೂರ್ಣ ಚಿಕಿತ್ಸೆ ದೊರೆತರೆ ಇಂದು ಹೆಚ್ಚಿನ ಮಕ್ಕಳು ಗುಣಮುಖರಾಗುತ್ತಾರೆ. ಚಿಕಿತ್ಸೆ ಮುಗಿದ ಮೇಲೆ ಹರಕೆ ತೀರಿಸಿ, ಆಸ್ಪತ್ರೆಯ ಕಡತವನ್ನು ಅಟ್ಟಕ್ಕೇರಿಸಿ ತಂದೆತಾಯಿಗಳು ನಿಶ್ಚಿಂತರಾಗುವುದು ಸಹಜ. ಆದರೆ ರೋಗ ಹೋದ ಮೇಲೂ ಚಿಕಿತ್ಸೆಯ ಪರಿಣಾಮ ದೇಹದಲ್ಲಿ ಉಳಿದಿರಬಹುದು. ಅದು ವರ್ಷಗಳ ತರುವಾಯ ಪ್ರಕಟವಾಗಬಹುದು.

ಕಾರಣವೇನು?

ಮೆದುಳಿನ ತಳದಲ್ಲಿರುವ ಪಿಟ್ಯೂಟರಿ ಗ್ರಂಥಿಯು ಬೆಳವಣಿಗೆಯ ಹಾರ್ಮೋನನ್ನು ಸ್ರವಿಸುವುದಲ್ಲದೆ ಇತರ ಗ್ರಂಥಿಗಳನ್ನೂ ನಿಯಂತ್ರಿಸುತ್ತದೆ. ತಲೆಗೆ ವಿಕಿರಣ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಇದು ಕುಂದಿ ಎತ್ತರ ಕುಂಠಿತವಾಗಬಹುದು. ಕುತ್ತಿಗೆಗೆ ಅಥವಾ ಬೆನ್ನುಹುರಿಗೆ ವಿಕಿರಣ ತಗುಲಿದ್ದರೆ ಥೈರಾಯ್ಡ್ ದುರ್ಬಲಗೊಳ್ಳಬಹುದು. ಸೈಕ್ಲೋಫಾಸ್ಫಮೈಡ್‌ನಂತಹ ಔಷಧಿಗಳ ಒಟ್ಟು ಪ್ರಮಾಣ ಅಧಿಕವಾಗಿದ್ದರೆ ಅಂಡಾಶಯ, ವೃಷಣಗಳಿಗೆ ಹಾನಿ ಸಂಭವಿಸಬಹುದು. ದೀರ್ಘಕಾಲದ ಸ್ಟೀರಾಯ್ಡ್ ಮೂಳೆಗಳನ್ನು ಸಡಿಲಗೊಳಿಸುತ್ತದೆ. ಎಲ್ಲ ಮಕ್ಕಳಿಗೂ ಹೀಗಾಗುವುದಿಲ್ಲ. ಯಾವ ಚಿಕಿತ್ಸೆ, ಎಷ್ಟು, ಯಾವ ವಯಸ್ಸಿನಲ್ಲಿ ಎಂಬುದರ ಮೇಲೆ ಅದು ಅವಲಂಬಿಸಿದೆ.

ಗಮನಿಸಬೇಕಾದುದೇನು?

೧. ಆರು ತಿಂಗಳಿಗೊಮ್ಮೆ ಎತ್ತರ, ತೂಕ ಅಳೆಯಿಸಿ ಬರೆದಿಡಿ. ಮೂಳೆಯ ಬೆಳೆಯುವ ತುದಿಗಳು ಕೂಡಿಕೊಂಡ ಮೇಲೆ ಎತ್ತರ ಹೆಚ್ಚಿಸಲು ಯಾವ ಔಷಧಿಯೂ ನೆರವಾಗದು.

೨. ಹೆಣ್ಣುಮಕ್ಕಳಲ್ಲಿ 8 ವರ್ಷಕ್ಕೆ ಮೊದಲು, ಗಂಡುಮಕ್ಕಳಲ್ಲಿ 9 ವರ್ಷಕ್ಕೆ ಮೊದಲು ಪ್ರೌಢಾವಸ್ಥೆಯ ಲಕ್ಷಣ ಕಂಡರೂ, ಕ್ರಮವಾಗಿ 13 ಹಾಗೂ 14 ವರ್ಷ ತುಂಬಿದರೂ ಕಾಣದಿದ್ದರೂ ತಜ್ಞರಿಗೆ ತೋರಿಸಿ.

೩. ತಲೆ, ಕುತ್ತಿಗೆ, ಬೆನ್ನಿಗೆ ವಿಕಿರಣ ಪಡೆದವರು ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷಿಸಿಕೊಳ್ಳಲಿ. ಪಿಟ್ಯೂಟರಿಯೇ ಕುಂದಿದ್ದರೆ ಟಿಎಸ್‌ಎಚ್ ಒಂದರಿಂದ ತಿಳಿಯದು. ಫ್ರೀ ಟಿ-4 ಸಹ ಬೇಕು. ಆಲಸ್ಯ, ಮಲಬದ್ಧತೆ, ಚಳಿ ತಡೆಯದಿರುವಿಕೆ, ಓದಿನಲ್ಲಿ ಹಿಂದೆ ಬೀಳುವಿಕೆ ಇದರ ಸೂಚನೆಗಳಾಗಿರಬಹುದು.

೪. ರಾಗಿ, ಹಾಲು, ಎಳ್ಳು, ಬಿಸಿಲಿನಲ್ಲಿ ಆಟ ಇವು ಮೂಳೆಗೆ ಹಿತಕರ.

ಆಯುರ್ವೇದದ ಪಾತ್ರ

ಪಥ್ಯ, ನಿದ್ರೆ, ಅಗ್ನಿಬಲದ ರಕ್ಷಣೆಯಲ್ಲಿ ನಮ್ಮ ಶಾಸ್ತ್ರ ನೆರವಾಗುತ್ತದೆ. ಆದರೆ ಕೊರತೆಯಾದ ಹಾರ್ಮೋನಿನ ಸ್ಥಾನವನ್ನು ಯಾವ ರಸಾಯನವೂ ತುಂಬಲಾರದು. ಕಷಾಯ, ಲೇಹ್ಯಗಳನ್ನು ನಂಬಿ ಥೈರಾಕ್ಸಿನ್ ಮಾತ್ರೆಯನ್ನು ನಿಲ್ಲಿಸಬಾರದೆಂದು ಆಯುರ್ವೇದ ವೈದ್ಯರಾಗಿಯೇ ನಾವು ಒತ್ತಿ ಹೇಳುತ್ತೇವೆ.

ಮುಚ್ಚಿಡಬೇಡಿ

ಮುಂದೆ ಮದುವೆಗೆ ಅಡ್ಡಿಯಾದೀತೆಂಬ ಅಂಜಿಕೆಯಿಂದ, ವಿಶೇಷವಾಗಿ ಹೆಣ್ಣುಮಕ್ಕಳ ವಿಷಯದಲ್ಲಿ, ಅನೇಕ ಮನೆಗಳು ಹಳೆಯ ರೋಗವನ್ನೇ ಮರೆಮಾಚಿ ತಪಾಸಣೆ ಕೈಬಿಡುತ್ತವೆ. ಇದರಿಂದ ಹಾನಿಯಾಗುವುದು ಮಗುವಿಗೇ. ಗುಣಮುಖರಾದ ಅನೇಕರು ಮದುವೆಯಾಗಿ ಮಕ್ಕಳನ್ನು ಪಡೆದು ಬಾಳುತ್ತಿದ್ದಾರೆ. ತೊಂದರೆ ಮೊದಲೇ ತಿಳಿದರೆ ಉಪಾಯಗಳೂ ಇವೆ. ಔಷಧಿಗಳ ಹೆಸರು, ಒಟ್ಟು ಪ್ರಮಾಣ, ವಿಕಿರಣ ಕೊಟ್ಟ ಭಾಗ ಇವಿಷ್ಟನ್ನು ಬರೆದ ಸಾರಾಂಶ ಪತ್ರವನ್ನು ಚಿಕಿತ್ಸೆ ನೀಡಿದ ಆಸ್ಪತ್ರೆಯಿಂದ ಕೇಳಿ ಪಡೆಯಿರಿ. ಮಗು ಪ್ರಾಯಕ್ಕೆ ಬಂದಾಗ ಅದನ್ನು ಅವರ ಕೈಗೇ ಒಪ್ಪಿಸಿ, ವಿಷಯವನ್ನು ತಿಳಿಹೇಳಿ.