ಅಕ್ವೇರಿಯಂ ಗಿಡದ ಎಲೆ ಕರಗುತ್ತಿದ್ದರೆ ಯೂರಿಯಾ ಹಾಕಬೇಕೇ?

“ಅಕ್ವೇರಿಯಂ ಗಿಡದ ಎಲೆ ಉದುರುತ್ತಿದೆಯಾ? ಗೊಬ್ಬರ ಸಾಲುತ್ತಿಲ್ಲ. ಒಂದು ಚಮಚ ಯೂರಿಯಾ ಹಾಕಿ, ವಾರದಲ್ಲಿ ಹಸಿರು ನೋಡಿ.” ಇಂಥ ಸಲಹೆ ನಿಮ್ಮ ಗ್ರೂಪಿಗೂ ಬಂದಿರಬಹುದು. ಕೆಲವರು ಯೂರಿಯಾ ಬದಲು ಕಲ್ಲುಪ್ಪು ಹಾಕಿ ಎನ್ನುತ್ತಾರೆ. ಹೊಲದ ಬೆಳೆಗೆ ಆಗುವುದು ತೊಟ್ಟಿಯ ಗಿಡಕ್ಕೆ ಯಾಕಾಗಬಾರದು ಎಂದು ಅನಿಸುವುದೂ ಸಹಜ. ಆದರೆ ಈ ಮಾತು ಕೇಳಿದರೆ ಗಿಡಕ್ಕಿಂತ ಮೊದಲು ಸಾಯುವುದು ಮೀನು.

ಲೆಕ್ಕ ಹಾಕಿ ನೋಡಿ. ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕ. ಒಂದು ಚಮಚ ಎಂದರೆ ಸುಮಾರು 5 ಗ್ರಾಂ. ಅದು 50 ಲೀಟರ್ ತೊಟ್ಟಿಗೆ ಬಿದ್ದರೆ ಪ್ರತಿ ಲೀಟರಿಗೆ 46 ಮಿಲಿಗ್ರಾಂ ಸಾರಜನಕ ಸೇರಿತು. ನೀರಿನಲ್ಲಿರುವ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ. ಮೀನಿನ ತೊಟ್ಟಿಯಲ್ಲಿ ಅಮೋನಿಯಾ ಸೊನ್ನೆ ಇರಬೇಕು. ಟೆಸ್ಟ್ ಕಿಟ್‌ನಲ್ಲಿ 1 ಮಿಲಿಗ್ರಾಂ ಕಂಡರೂ ತಕ್ಷಣ ನೀರು ಬದಲಿಸಬೇಕು. ಬೋರ್‌ವೆಲ್ ನೀರಿನ ಹಾಗೆ ಪಿಎಚ್ ಹೆಚ್ಚಿರುವ ನೀರಿನಲ್ಲಿ, ಅದೂ ಬೇಸಿಗೆಯಲ್ಲಿ, ಅಮೋನಿಯಾದ ವಿಷ ಇನ್ನೂ ಜೋರು. ಯೂರಿಯಾ ಹಾಕಿದ ಕೂಡಲೇ ಏನೂ ಆಗುವುದಿಲ್ಲ. ಆಮೇಲೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಡಿಯತೊಡಗುತ್ತವೆ. ಅಷ್ಟೊತ್ತಿಗೆ ಯೂರಿಯಾ ಹಾಕಿದ್ದು ಮರೆತೇ ಹೋಗಿರುತ್ತದೆ, “ಮೀನಿಗೆ ಏನೋ ರೋಗ” ಎಂದುಕೊಳ್ಳುತ್ತೇವೆ. ಉಪ್ಪಂತೂ ಸಿಹಿನೀರಿನ ಗಿಡಕ್ಕೆ ಆಹಾರವೇ ಅಲ್ಲ. ವ್ಯಾಲಿಸ್ನೇರಿಯಾದಂಥ ಕೆಲವನ್ನು ಬಿಟ್ಟರೆ ಹೆಚ್ಚಿನವು ಅದನ್ನು ತಡೆಯುವುದಿಲ್ಲ.

ಹಾಗಾದರೆ ಎಲೆ ಉದುರುವುದು ಯಾಕೆ? ಗಿಡ ತಂದು ಇನ್ನೂ ಒಂದು ತಿಂಗಳಾಗಿಲ್ಲ ಎಂದರೆ ಕಾರಣ ಬಹುಪಾಲು ಒಂದೇ: ಆ ಗಿಡ ಬೆಳೆದದ್ದು ನೀರೊಳಗೆ ಅಲ್ಲ!

ಅಕ್ವೇರಿಯಂ ಗಿಡಗಳಲ್ಲಿ ಹಲವು ನೀರಿನ ಒಳಗೂ ಹೊರಗೂ ಬದುಕಬಲ್ಲವು. ನರ್ಸರಿಗಳು ಅವನ್ನು ಹಸಿರುಮನೆಯಲ್ಲಿ, ಬೇರು ಮಾತ್ರ ಒದ್ದೆಯಾಗಿಟ್ಟು, ಎಲೆಯನ್ನು ಗಾಳಿಯಲ್ಲಿ ಬಿಟ್ಟು ಬೆಳೆಸುತ್ತವೆ. ಹಾಗೆ ಬೆಳೆಸಿದರೆ ಬೇಗ ಬೆಳೆಯುತ್ತವೆ, ಪಾಚಿ ಹಿಡಿಯುವುದಿಲ್ಲ, ಬಸವನಹುಳು ಸೇರುವುದಿಲ್ಲ. ಗಾಳಿಯಲ್ಲಿ ಮೂಡಿದ ಎಲೆ ದಪ್ಪ. ಒಣಗದಂತೆ ಅದರ ಮೇಲೆ ಮೇಣದಂಥ ಪದರ, ಗಾಳಿ ಎಳೆಯಲು ಸಣ್ಣ ರಂಧ್ರಗಳು. ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹರಡುವುದು ಗಾಳಿಗಿಂತ ಸುಮಾರು 10,000 ಪಟ್ಟು ನಿಧಾನ. ಅಲ್ಲಿ ಈ ದಪ್ಪ ಎಲೆ ಉಸಿರುಗಟ್ಟಿದಂತೆ ನಿಲ್ಲುತ್ತದೆ. ಗಿಡ ಅದರಲ್ಲಿರುವ ಸತ್ವವನ್ನು ಆದಷ್ಟು ಹಿಂದಕ್ಕೆಳೆದುಕೊಂಡು, ನೀರಿಗೆ ಹೊಂದುವ ತೆಳ್ಳನೆ ಎಲೆ ಬಿಡಲು ಶುರು ಮಾಡುತ್ತದೆ. ರೋಟಾಲಾ ರೋಟುಂಡಿಫೋಲಿಯಾ ಎಂಬ ಗಿಡದ ಹೆಸರಿಗೆ ‘ದುಂಡೆಲೆಯದು’ ಎಂದೇ ಅರ್ಥ. ನೀರೊಳಗೆ ಅದರ ಎಲೆ ಉದ್ದಕ್ಕೆ, ಕಿರಿದಾಗಿ ಬರುತ್ತದೆ. ದುಂಡಗಿರುವುದು ಹೊರಗೆ ಬೆಳೆದಾಗ!

ಇದರಲ್ಲಿ ಎಲ್ಲರನ್ನೂ ಹೆದರಿಸುವುದು ಕ್ರಿಪ್ಟೋಕೊರೈನ್. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಈ ಕುಲದ ಗಿಡಗಳಿವೆ; ಮಳೆಗಾಲದಲ್ಲಿ ಮುಳುಗಿ, ಬೇಸಿಗೆಯಲ್ಲಿ ನೀರಿಳಿದಾಗ ಹೊರಬಂದು ಬದುಕುವಂಥವು. ತೊಟ್ಟಿ ಬದಲಾದರೆ, ಒಮ್ಮೆಗೇ ಹೆಚ್ಚು ನೀರು ಬದಲಿಸಿದರೆ, ಕಿತ್ತು ಬೇರೆ ಕಡೆ ನೆಟ್ಟರೂ ಸಾಕು, ಎಲೆಗಳು ಗಾಜಿನ ಹಾಗಾಗಿ ಕೆಲವೇ ದಿನದಲ್ಲಿ ಕರಗಿಹೋಗುತ್ತವೆ. ಇದನ್ನು ಹಿಂದೆ ರೋಗವೆಂದೇ ಕರೆಯುತ್ತಿದ್ದರು. ಈ ಲೇಖನ ಬರೆಯುತ್ತಿರುವವರೂ ಮೊದಲ ಕ್ರಿಪ್ಟೋಕೊರೈನ್ ಗಿಡವನ್ನು ಐದನೇ ದಿನ ಕಸದ ಬುಟ್ಟಿಗೆ ಎಸೆದವರೇ. ಎರಡನೆಯದನ್ನು ಸೋಮಾರಿತನದಿಂದ ಹಾಗೇ ಬಿಟ್ಟಿದ್ದಕ್ಕೆ ಅದು ಉಳಿಯಿತು.

ಎಸೆಯುವ ಮುನ್ನ ಬುಡ ಮುಟ್ಟಿ ನೋಡಿ. ಬೇರು ಹುಟ್ಟುವ ಗಡ್ಡೆಯಂಥ ಭಾಗ ಗಟ್ಟಿಯಾಗಿದ್ದರೆ ಗಿಡ ಬದುಕಿದೆ ಎಂದರ್ಥ. ಹಿಸುಕಿದರೆ ಮೆತ್ತಗಾಗಿ, ಕೊಳೆತ ವಾಸನೆ ಬಂದರೆ ಮಾತ್ರ ತೆಗೆಯಿರಿ. ಕರಗಿದ ಎಲೆಗಳನ್ನು ಕತ್ತರಿಸಿ ಹೊರಹಾಕಿ, ಏಕೆಂದರೆ ಅವು ಕೊಳೆತರೂ ಅಮೋನಿಯಾ ಬರುತ್ತದೆ. ಗಿಡವನ್ನು ಮತ್ತೆ ಮತ್ತೆ ಕಿತ್ತು ನೆಡಬೇಡಿ. ಕೆಲವು ವಾರಗಳಲ್ಲಿ ಹೊಸ ಚಿಗುರು ಕಾಣಬೇಕು.

ಅನುಬಿಯಾಸ್ ಮತ್ತು ಜಾವಾ ಫರ್ನ್ ವಿಷಯ ಬೇರೆ. ಅವುಗಳ ದಪ್ಪ ಅಡ್ಡಕಾಂಡವನ್ನು ಮರಳಿನಲ್ಲಿ ಹೂತರೆ ಅದೇ ಕೊಳೆತು ಎಲೆಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ. ಅವನ್ನು ಕಲ್ಲಿಗೋ ಮರದ ತುಂಡಿಗೋ ದಾರದಿಂದ ಕಟ್ಟಬೇಕು.

ತಿಂಗಳುಗಟ್ಟಲೆ ಚೆನ್ನಾಗಿದ್ದ ಗಿಡ ಈಗ ಎಲೆ ಬಿಡುತ್ತಿದ್ದರೆ ಯಾವ ಎಲೆ ಕೆಡುತ್ತಿದೆ ಎಂದು ಗಮನಿಸಿ. ಸಾರಜನಕ, ಪೊಟ್ಯಾಸಿಯಂ, ಮೆಗ್ನೀಸಿಯಂ ಕಡಿಮೆಯಾದರೆ ಗಿಡ ಹಳೇ ಎಲೆಯಿಂದ ತೆಗೆದು ಹೊಸದಕ್ಕೆ ಕೊಡುತ್ತದೆ. ಹಾಗಾಗಿ ಹಳದಿಯಾಗುವುದು ಕೆಳಗಿನ ಎಲೆ. ಪೊಟ್ಯಾಸಿಯಂ ಕೊರತೆಯಾದರೆ ಅದರಲ್ಲಿ ಸೂಜಿ ಚುಚ್ಚಿದಂಥ ತೂತುಗಳೂ ಬೀಳಬಹುದು. ಕಬ್ಬಿಣವನ್ನು ಹಾಗೆ ಸಾಗಿಸಲು ಗಿಡಕ್ಕೆ ಆಗದು, ಆದ್ದರಿಂದ ಹೊಸ ಚಿಗುರೇ ಬಿಳಚಿಕೊಂಡು ಬರುತ್ತದೆ. ಇನ್ನು ಮೇಲ್ಭಾಗ ಹಸಿರಾಗಿ, ಬುಡದ ಕಡೆ ಕಾಂಡ ಮಾತ್ರ ಬೋಳಾಗಿದ್ದರೆ ಕೆಳಗೆ ಬೆಳಕು ಬೀಳುತ್ತಿಲ್ಲ. ತುದಿಗಳನ್ನು ಕತ್ತರಿಸಿ ಮರಳಿನಲ್ಲಿ ನೆಟ್ಟರೆ ಸಾಕು, ಅಲ್ಲೇ ಬೇರು ಬಿಡುತ್ತವೆ. ನಿಜಕ್ಕೂ ಗೊಬ್ಬರ ಬೇಕಿದ್ದಲ್ಲಿ ಅಕ್ವೇರಿಯಂಗೆಂದೇ ತಯಾರಾದ, ಯೂರಿಯಾ ಅಥವಾ ಅಮೋನಿಯಂ ಇಲ್ಲದ ದ್ರವವನ್ನು ಲೇಬಲ್ ಮೇಲಿನ ಅಳತೆಗಿಂತ ಕಡಿಮೆಯಿಂದ ಶುರು ಮಾಡಿ. ಡಿಎಪಿ, 19:19:19 ಹೊಲಕ್ಕೇ ಇರಲಿ.

ಈಗಾಗಲೇ ಯೂರಿಯಾ ಹಾಕಿಬಿಟ್ಟಿದ್ದೀರಾ? ಈಗಲೇ ಅರ್ಧ ನೀರು ತೆಗೆದು, ಕ್ಲೋರಿನ್ ಹೋದ, ಅದೇ ಬಿಸುಪಿನ ನೀರು ತುಂಬಿ. ನಾಳೆ ಮತ್ತೆ ಅಷ್ಟೇ ಬದಲಿಸಿ, ಗಾಳಿ ಪಂಪ್ ನಿಲ್ಲಿಸಬೇಡಿ, ಎರಡು ದಿನ ಮೀನಿಗೆ ಆಹಾರ ಹಾಕಬೇಡಿ. ತೆಗೆದ ನೀರನ್ನು ಹೂಕುಂಡಕ್ಕೆ ಸುರಿಯಬಹುದು. ಕಿತ್ತ ಗಿಡಗಳನ್ನು ಮಾತ್ರ ಕೆರೆಗೋ ರಾಜಕಾಲುವೆಗೋ ಬಿಸಾಡದೆ, ಬಿಸಿಲಲ್ಲಿ ಪೂರ್ತಿ ಒಣಗಿಸಿ ಹಸಿಕಸಕ್ಕೆ ಹಾಕಿ.