ರಸ್ತೆಯೂ ದಾಸೋಹದ ನೆಲೆಯೇ

ಶರಣರು ಬೋಧಿಸಿದ ದಾಸೋಹ ತತ್ತ್ವವು ಅನ್ನದಾನಕ್ಕೆ ಮಾತ್ರ ಸೀಮಿತವಾದುದಲ್ಲ. ದೊರೆತುದನ್ನು ಸಮಾಜದೊಡನೆ ಹಂಚಿಕೊಂಡು ಬಾಳುವುದೇ ಅದರ ತಿರುಳು. ಗಾಳಿಯು ಯಾರೊಬ್ಬರ ಸ್ವತ್ತೂ ಅಲ್ಲ. ಆದರೆ ನಗರಗಳ ಬೀದಿಗಳಲ್ಲಿ ಸರ್ವರಿಗೂ ಸೇರಿದ ಆ ಗಾಳಿಯನ್ನು ನಾವೇ ಕೆಡಿಸುತ್ತಿದ್ದೇವೆ.

ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ 1 ಕೋಟಿಯನ್ನು ಮೀರಿದೆ. ನಾಲ್ಕು ಮಾರು ಸರಿದು ಮತ್ತೆ ನಿಲ್ಲುವ ವಾಹನವು, ಸರಾಗವಾಗಿ ಸಾಗುವ ವಾಹನಕ್ಕಿಂತ ಅಷ್ಟೇ ದೂರಕ್ಕೆ ಹೆಚ್ಚು ಇಂಧನವನ್ನು ಸುಡುತ್ತದೆ. 1 ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬಿದ್ದು ಭೂಮಿಯ ತಾಪವನ್ನು ಹೆಚ್ಚಿಸುತ್ತದೆ. ಅದರೊಡನೆ ಹೊಮ್ಮುವ ನೈಟ್ರೋಜನ್ ಆಕ್ಸೈಡುಗಳೂ ಸೂಕ್ಷ್ಮ ಕಣಗಳೂ ನೇರವಾಗಿ ಶ್ವಾಸಕೋಶವನ್ನು ಸೇರುತ್ತವೆ. ಬೀದಿಬದಿಯ ವ್ಯಾಪಾರಿ, ಸಂಚಾರ ಪೊಲೀಸ್ ಪೇದೆ, ನಡೆದು ಶಾಲೆಗೆ ಹೋಗುವ ಮಗು ಇವರೆಲ್ಲರೂ ಅನ್ಯರು ಬಿಟ್ಟ ಹೊಗೆಯನ್ನು ಉಸಿರಾಡುವವರು. ತಮ್ಮ ಕಾಯಕವನ್ನು ನಿಷ್ಠೆಯಿಂದ ಮಾಡುವವರಿಗೆ ಇದೇ ಪ್ರತಿಫಲವಾಗಬೇಕೆ?

ರಸ್ತೆಗಳನ್ನು ಅಗಲಗೊಳಿಸುವುದೊಂದೇ ಪರಿಹಾರವೆಂದು ಹಲವರು ಭಾವಿಸುತ್ತಾರೆ. ಅಗಲವಾದ ರಸ್ತೆಗೆ ಹೊಸ ವಾಹನಗಳು ಬಂದು ತುಂಬುತ್ತವೆ. ನೆರಳು ನೀಡುತ್ತಿದ್ದ ಮರಗಳೂ ಇಲ್ಲವಾಗುತ್ತವೆ. ಇದಕ್ಕೆ ಬದಲಾಗಿ ವಾಹನಗಳ ಓಡಾಟವನ್ನೇ ತಗ್ಗಿಸಿದ ಒಂದು ನಗರದ ಅನುಭವವನ್ನು ಗಮನಿಸೋಣ. ಸ್ವೀಡನ್ ದೇಶದ ರಾಜಧಾನಿ ಸ್ಟಾಕ್‌ಹೋಮಿನಲ್ಲಿ 2006ರ ಜನವರಿಯಿಂದ ಜುಲೈವರೆಗೆ, ನಗರದ ಒಳಭಾಗಕ್ಕೆ ಬಂದು ಹೋಗುವ ವಾಹನಗಳಿಗೆ ಪ್ರಾಯೋಗಿಕವಾಗಿ ಶುಲ್ಕ ವಿಧಿಸಲಾಯಿತು. ಅದಕ್ಕೆ ಮುನ್ನವೇ ಹೆಚ್ಚಿನ ಬಸ್ಸುಗಳನ್ನು ಒದಗಿಸಲಾಗಿತ್ತು. ಗಡಿ ದಾಟುವ ವಾಹನಗಳಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಕಡಿಮೆಯಾದವು. ಒಳನಗರದಲ್ಲಿ ವಾಹನಗಳು ಹೊರಸೂಸುವ ಮಾಲಿನ್ಯವು ಶೇಕಡಾ 10ರಿಂದ 14ರಷ್ಟು ತಗ್ಗಿತು. ಮೊದಲು ಬಹುಮಟ್ಟಿಗೆ ವಿರೋಧಿಸಿದ್ದ ನಗರದ ಜನರೇ ಅದೇ ವರ್ಷದ ಸೆಪ್ಟೆಂಬರಿನ ಜನಮತಗಣನೆಯಲ್ಲಿ ಬಹುಮತದಿಂದ ಅದನ್ನು ಒಪ್ಪಿದರು. 2007ರ ಆಗಸ್ಟ್‌ನಲ್ಲಿ ಶುಲ್ಕವು ಕಾಯಂ ಆಯಿತು. ತಿಳಿಯಾದ ಗಾಳಿಯ ಸವಿಯನ್ನು ಒಮ್ಮೆ ಕಂಡವರು ಅದನ್ನು ಬಿಟ್ಟುಕೊಡಲು ಒಪ್ಪಲಿಲ್ಲ.

ನಮ್ಮ ನಾಡಿನಲ್ಲಿಯೂ ಪ್ರಯತ್ನಗಳು ನಡೆದಿವೆ. ಬೆಂಗಳೂರಿನಲ್ಲಿ 2011ರ ಅಕ್ಟೋಬರಿನಲ್ಲಿ ಮೆಟ್ರೋ ರೈಲು ಆರಂಭವಾಯಿತು. ಹುಬ್ಬಳ್ಳಿ-ಧಾರವಾಡಗಳ ನಡುವೆ 2018ರಲ್ಲಿ ಪ್ರತ್ಯೇಕ ಪಥದಲ್ಲಿ ತ್ವರಿತ ಬಸ್ಸುಗಳು ಸಂಚರಿಸಲಾರಂಭಿಸಿದವು. ಆದರೆ ಸರಕಾರವು ಬಸ್ಸನ್ನು ಓಡಿಸಬಹುದೇ ಹೊರತು ನಮ್ಮನ್ನು ಅದರಲ್ಲಿ ಕುಳ್ಳಿರಿಸಲಾರದು. ಆ ಸಂಕಲ್ಪ ನಮ್ಮದಾಗಬೇಕು.

ಮದುವೆ, ಜಾತ್ರೆ, ಮಠದ ಉತ್ಸವಗಳಿಗೆ ಮನೆಗೊಂದು ಕಾರು ಹೊರಡುವ ಬದಲು ಓಣಿಯವರೆಲ್ಲ ಕೂಡಿ ಒಂದು ಬಸ್ಸನ್ನು ಗೊತ್ತುಮಾಡಬಹುದು. ಹತ್ತಿರದ ಶಾಲೆಗೆ ಮಕ್ಕಳನ್ನು ನಡೆಸಿಕೊಂಡು ಹೋಗಬಹುದು. ಸಿಗ್ನಲ್‌ನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದಾಗ ಎಂಜಿನ್ ಆರಿಸಬಹುದು. ಒಂದೇ ಕಚೇರಿಗೆ ತೆರಳುವ ನೆರೆಹೊರೆಯವರು ಒಂದೇ ವಾಹನದಲ್ಲಿ ಸಾಗಬಹುದು. ಇವಾವುವೂ ಕಠಿಣ ವ್ರತಗಳಲ್ಲ. ಶುಚಿಯಾದ ಮನೆಯಲ್ಲಿ ಲಿಂಗಪೂಜೆ ಮಾಡಿ ಹೊರಬಂದವರು ಬೀದಿಯನ್ನೂ ಶುಚಿಯಾಗಿ ಉಳಿಸಬೇಕಲ್ಲವೇ? ಪ್ರತಿ ಕುಟುಂಬವೂ ವಾರಕ್ಕೊಂದು ದಿನವಾದರೂ ಸ್ವಂತ ವಾಹನವನ್ನು ಮನೆಯಲ್ಲಿ ಬಿಟ್ಟು ಹೊರಡಲಿ ಎಂಬುದು ಶರಣ ಬಂಧುಗಳಲ್ಲಿ ನಮ್ಮ ವಿನಂತಿ.