ದೋಣಿಯೇರಿದ ಮೋಟಾರು, ವಿಮಾನವೇರಿದ ಮೋಟಾರು

ಸೇತುವೆಗಳಿಲ್ಲದ ಕಾಲದಲ್ಲಿ ನಮ್ಮ ತಲ್ಲೂರಿನ ಕಡೆಯ ಹೊಳೆಗಳನ್ನು ಮೋಟಾರುಗಳು ಜೋಡುದೋಣಿಯ ಮೇಲೆ ದಾಟುತ್ತಿದ್ದುವಂತೆ. ಹಲಗೆ ಜಾರೀತೆಂದು ಒಡೆಯನು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದನೆಂದು ಹಿರಿಯರು ಹೇಳುತ್ತಿದ್ದರು. ಆ ಭಯವು 1948ರ ಜುಲೈಯಲ್ಲಿ ಆಕಾಶಕ್ಕೇರಿತು. ಸಿಲ್ವರ್ ಸಿಟಿ ಎಂಬ ಸಂಸ್ಥೆಯು ಇಂಗ್ಲೆಂಡಿನಿಂದ ಫ್ರಾನ್ಸಿಗೆ ವಿಮಾನದಲ್ಲಿ ಕಾರುಗಳನ್ನು ಸಾಗಿಸತೊಡಗಿತು. ಆ ಬ್ರಿಸ್ಟಲ್ ಫ್ರೈಟರ್ ವಿಮಾನದ ಮೂತಿಯೇ ಇಬ್ಭಾಗವಾಗಿ ತೆರೆಯುತ್ತಿತ್ತು. ಗರುಡನ ಬಾಯಿಗೆ ರಥವು ಹೊಕ್ಕಂತೆ!

ಮೂರೇ ಗಾಲಿಯ ಮಾರ್ಗನ್ ಮೊದಲಾದ ಹಳೆಯ ಓಟದ ಕಾರುಗಳು ಮರದ ಚೌಕಟ್ಟಿಗೆ ತಗಡು ಹೊದಿಸಿದ ಕೈಗೆಲಸ. ಒಂದು ಮೂಲೆ ಜಜ್ಜಿದರೆ ಅಂಗಡಿಯಲ್ಲಿ ಬದಲಿ ದೊರೆಯದು. ಆದುದರಿಂದ ಇಂತಹ ವಾಹನಗಳನ್ನು ವಿಮಾನಕ್ಕೇರಿಸುವಾಗ ಪೆಟ್ರೋಲನ್ನು ಬಹುಮಟ್ಟಿಗೆ ಬರಿದುಮಾಡಿ, ಬ್ಯಾಟರಿಯನ್ನು ಭದ್ರಪಡಿಸಿ, ಗಾಲಿಗಳನ್ನು ಪಟ್ಟಿಗಳಿಂದ ಬಿಗಿಯುತ್ತಾರೆ.

ಹಳೆಯ ಕಾರುಗಳನ್ನು ಕಾಣಬಯಸುವ ವಾಚಕರು ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋಗಬಹುದು. ಮಕ್ಕಳನ್ನೂ ಕರೆದೊಯ್ಯಿರಿ, ಮುಟ್ಟಗೊಡಬೇಡಿರಿ.